ಗೌಡರ ಹೊಸ್ತಿಲು

"ಆಯೀ, ಡಬ್ಬಿ ಮ್ಯಾಲ ಇಟ್ರ ನಡಿಯಂಗಿಲ್ಲ! ಒಳಗ ಹಾಕಬೇಕು!"

ತಿಪ್ಪವ್ವ ಸೊಂಟದ ಮೇಲೆ ಕೈಯಿಟ್ಟು ಗದರಿದಳು. ಬೆಟಗೇರಿಯ ಆ ಓಣಿಯಲ್ಲಿ, ಅವರ ಮನೆಯ ಮುಂದೆ, ಎರಡು ಖಾಲಿ ಎಣ್ಣೆ ಡಬ್ಬಿಗಳಿದ್ದವು. ಒಂದರ ಮೇಲೆ ಇದ್ದಿಲಿನಿಂದ ಗಿಡ ಬರೆದಿದ್ದಳು. ಇನ್ನೊಂದರ ಮೇಲೆ ಕುದುರೆ. ಕುದುರೆ ಅವರು ಬಿಟ್ಟುಬಂದ ಊರಿನ ಗೌಡರ ಕಡೆಯವರ ಗುರುತು.

ಓಟು ಹಾಕುವುದನ್ನು ಕಲಿಯುತ್ತಿದ್ದ ಅಜ್ಜಿ ಹನಮಂತವ್ವನ ಕೈಯಲ್ಲಿ ಚೀಟಿಯ ಬದಲು ವೀಳ್ಯದೆಲೆಯಿತ್ತು.

"ಒಳಗ ಹಾಕಿದ್ರ ಎಲಿ ಎಣ್ಣಿ ಹತ್ತಿ ಕೆಡತೈತಿ," ಎಂದು ಅಜ್ಜಿ ಅದನ್ನು ಬಾಯಿಗೆ ಹಾಕಿಕೊಂಡಳು.

"ಓಟು ತಿಂದಬಿಟ್ಲು!" ತಿಪ್ಪವ್ವ ಹಣೆ ಬಡಿದುಕೊಂಡಳು.

ರಜಾಕಾರರ ಗದ್ದಲದಲ್ಲಿ ಈ ಓಣಿಯವರೆಲ್ಲ ನಿಜಾಮರ ಸೀಮೆಯ ಕರಿಹಳ್ಳ ಬಿಟ್ಟು ಓಡಿಬಂದವರು. ಈಗ ನಿಜಾಮರ ಆಳ್ವಿಕೆ ಹೋಗಿತ್ತು. ಆದರೂ ಅದು ಹೈದರಾಬಾದ ರಾಜ್ಯ, ಇದು ಮುಂಬಯಿ ರಾಜ್ಯ. ಶಾಲೆಯಲ್ಲಿ ನೀಲಪ್ಪ ದಿನಾ, "ನಿಜಾಮನ ಮೊಮ್ಮಗಳು ಬಂದ್ಲು!" ಎಂದು ಕಾಡುತ್ತಿದ್ದ.

ದೇಶದ ಮೊದಲನೇ ಚುನಾವಣೆ ಬಂದಿತ್ತು. ಓಟಿಗೆ ಹೆಸರು ಬರೆಸಲು ಹೋದರೆ ಇಲ್ಲಿಯವರು, "ನೀವು ಅಲ್ಲಿಯವರು" ಅಂದರು. ಅಲ್ಲಿಯವರು, "ನೀವು ಊರು ಬಿಟ್ಟವರು" ಅಂದರು. ಹತ್ತಿ ಹೊರಲು ಮಾತ್ರ ಇವರು ಎಲ್ಲರಿಗೂ ಬೇಕಾಗಿದ್ದರು. ಹೆಸರು ಬರೆಯುವಾಗ ಅಜ್ಜಿ ಕರಿಹಳ್ಳಕ್ಕೆ ಹೋಗಿದ್ದರಿಂದ ಅವಳದೊಂದು ಓಟು ಅಲ್ಲಿ ಉಳಿದಿತ್ತು.

"ನಮ್ಮೆಲ್ಲಾರ ಓಟೂ ನಿನ್ನ ಕೈಯಾಗ ಐತಿ ನೋಡವಾ," ಎಂದು ಪಕ್ಕದ ಮನೆಯ ಹಮಾಲ ಸಕ್ರಪ್ಪ ಅಜ್ಜಿಯನ್ನು ರೈಲು ಹತ್ತಿಸಿದ.

ತಿಪ್ಪವ್ವ ಶಾಲೆಯಲ್ಲಿ ನೀಲಪ್ಪನಿಗೆ, "ನಮ್ಮ ಆಯಿ ಗೌಡನ ಕಡೆಯವರನ್ನ ಸೋಲಿಸಾಕ ಹೋಗ್ಯಾಳ ಲೇ!" ಎಂದು ಹೇಳಿಯೇ ಬಿಟ್ಟಳು.

ಅಜ್ಜಿ ಮರಳಿ ಬಂದಾಗ ಬೆರಳ ಮೇಲೆ ಕಪ್ಪು ಮಸಿಯಿತ್ತು. ಓಣಿಯವರೆಲ್ಲ ಆ ಬೆರಳನ್ನು ಹಿಡಿದು ಹಿಡಿದು ನೋಡಿದರು. ಅಜ್ಜಿ ಕೈ ಬಿಡಿಸಿಕೊಂಡು ಒಳಗೆ ಹೋಗಿ ಕುಳಿತಳು.

"ಎಲಿ ಹಚ್ಚಿಕೊಡ್ತೀನಿ ತಡಿ," ಎಂದು ತಿಪ್ಪವ್ವ ಅಜ್ಜಿಯ ಎಲೆ-ಅಡಿಕೆ ಸಂಚಿಗೆ ಕೈ ಹಾಕಿದಳು. ಮಡಿಚಿದ ಕಾಗದವೊಂದು ಸಿಕ್ಕಿತು. ಅದರ ಮೇಲೆ ಅಚ್ಚಿನ ಅಕ್ಷರಗಳಿದ್ದವು. ಓಟಿನ ಚೀಟಿ!

"ಆಯೀ! ಹಾಕೇ ಇಲ್ಲ ನೀ! ಅಷ್ಟು ಸಲ ಕಲಿಸಿದ್ನಲ್ಲ!" ಅವಳ ಕಣ್ಣಲ್ಲಿ ನೀರು ಬಂತು. "ನಾಳೆ ನೀಲಪ್ಪಗ ಏನ್ ಹೇಳ್ಲಿ?"

"ಸಾವಕಾಶ ಮಾತಾಡವಾ," ಎಂದಳು ಅಜ್ಜಿ. "ಪೆಟ್ಟಿಗಿ ಗೌಡರ ವಾಡೇದಾಗ, ಒಳಗಿನ ಖೋಲ್ಯಾಗ ಇಟ್ಟಿದ್ರು. ಆ ಹೊಸ್ತಿಲಾ ನಮ್ಮವರು ಯಾರೂ ದಾಟಿದ್ದಿಲ್ಲ."

"ಓಟಿನ ಸಾಹೇಬ ಬಾ ಅನಲಿಲ್ಲೇನು?"

"ಅಂದ. ಚೀಟಿ ಕೊಟ್ಟ, ಒಳಗ ಹೋಗು ಅಂದ. ಕಾಲು ಕೇಳಬೇಕಲ್ಲ? ಏಳಲೇ ಇಲ್ಲ. ಗೌಡರ ಆಳು ಬಾಗಿಲಾಗ ಕುಂತಿದ್ದ. 'ತಾ ಮುದುಕಿ, ನಾ ಹಾಕ್ತೀನಿ' ಅಂತ ಕೈ ಚಾಚಿದ."

"ಮತ್ತ?"

"ಕೊಟ್ಟಿದ್ರ ಅದು ಇಲ್ಲಿಗೆ ಹೆಂಗ ಬರ್ತಿತ್ತು?" ಅಜ್ಜಿ ಚೀಟಿ ಇಸಿದುಕೊಂಡು ಸಂಚಿಯಲ್ಲಿ ಇಟ್ಟಳು. "ಆಂವ ಹಾಕಿದ್ರ ಅದು ಆಂವನ ಓಟು ಆಕ್ಕಿತ್ತು."

ಹೊರಗಿನಿಂದ ಸಕ್ರಪ್ಪ ಕೂಗಿದ. "ಹನಮವ್ವಾ, ಗಿಡಕ್ಕ ಹಾಕಿದಿ ಹೌದಿಲ್ಲೋ?"

ಅಜ್ಜಿ ತಲೆ ತಗ್ಗಿಸಿದಳು. ತಿಪ್ಪವ್ವ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದಳು.

"ಆಯಿ ಓಟು ಗೌಡರಿಗೆ ಸಿಕ್ಕಿಲ್ಲ, ಕಾಕಾ."

ಆಮೇಲೆ ಅವಳು ಡಬ್ಬಿಗಳನ್ನು ಎತ್ತಿ ಒಳಗೆ ತಂದಳು. ಮೂಲೆಯಲ್ಲಿ ಜೋಡಿಸಿಟ್ಟು, ಅಜ್ಜಿಯ ಕೈಗೊಂದು ವೀಳ್ಯದೆಲೆ ಕೊಟ್ಟು ಅವಳನ್ನು ಹೊರಗೆ ನಿಲ್ಲಿಸಿದಳು. ತಾನು ಹೊಸ್ತಿಲ ಮೇಲೆ ಅಡ್ಡ ಕುಳಿತು ಕಾಲು ಚಾಚಿದಳು. ಕೈಯನ್ನೂ ಚಾಚಿದಳು.

"ತಾ ಮುದುಕಿ, ನಾ ಹಾಕ್ತೀನಿ."

ಅಜ್ಜಿ ದಿನಾ ದಾಟುವ ಹೊಸ್ತಿಲೇ ಅದು. ಆದರೂ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಳು. ಕಡೆಗೆ ಸೀರೆಯ ನೆರಿಗೆ ಎತ್ತಿ ಹಿಡಿದಳು.

"ಸರಿಯಲೇ ಅತ್ತಾಗ," ಎಂದು ಗುಡುಗಿ, ತಿಪ್ಪವ್ವನ ಕಾಲು ದಾಟಿ, ಹೊಸ್ತಿಲೂ ದಾಟಿ ಒಳಗೆ ಬಂದಳು. ಎಲೆ ಗಿಡದ ಡಬ್ಬಿಯೊಳಗೆ ಬಿತ್ತು.

"ಇನ್ನೊಮ್ಮಿ," ಅಂದಳು ತಿಪ್ಪವ್ವ. ಈ ಸಲ ಕಾಲನ್ನು ಇನ್ನೂ ಸ್ವಲ್ಪ ಮೇಲೆತ್ತಿದಳು.