ಮರಳಿ ಬಂದ ಜಾತಕ

"ಏನ್ರೀ, ಕಣ್ಣು ಕಾಣಲ್ವಾ?"

ಹೊಸನಗರ ಬಸ್‌ಸ್ಟ್ಯಾಂಡಿನಲ್ಲಿ ಡಿಕ್ಕಿ ಹೊಡೆದ ಹುಡುಗಿಯ ಮೇಲೆ ದೀಪಕ್ ರೇಗಿದ. ಅವನ ಕೈಲಿದ್ದ ಸರ್ವೆ ನಕ್ಷೆಗಳೆಲ್ಲ ಮಣ್ಣುಪಾಲು!

"ಎಡಗಣ್ಣು ಕಾಣಲ್ಲ. ಅದು ಗಾಜಿಂದು," ಎಂದಳು ಯಶೋಧಾ. "ನೀವು ಆ ಕಡೆಯಿಂದ ಬಂದ್ರಿ."

ನಿಂತ ನೆಲ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಮರುದಿನದಿಂದ ಸರ್ವೆಯರ್ ಮಹಾಶಯ ಬಸ್ಸಿಗೆ ಕಾಯುವಾಗೆಲ್ಲ ಅವಳ ಬಲಕ್ಕೇ ಬಂದು ನಿಲ್ಲತೊಡಗಿದ. ಆರು ತಿಂಗಳಲ್ಲಿ ಬಲಗಡೆ ಖಾಲಿಯಿದ್ದರೆ ಅವಳಿಗೂ ಬೇಸರವಾಗುವಂತಾಯಿತು.

ಮದುವೆಯ ಮಾತು ಬಂದ ದಿನ, ಜೀವಶಾಸ್ತ್ರ ಕಲಿಸುವ ಯಶೋಧಾ ಮೇಡಂ ತನ್ನ ಪಾಠವನ್ನೇ ಹೇಳಬೇಕಾಯಿತು.

"ಕೋಶದ ನ್ಯೂಕ್ಲಿಯಸ್ಸಲ್ಲಿ ಆರ್‌ಬಿ ಅಂತ ಒಂದು ಪ್ರೋಟೀನ್ ಇರ್ತದೆ ದೀಪಕ್. ಕೋಶ ಒಡೆದು ಎರಡಾಗೋಕೆ ಬೇಕಾದ ಜೀನ್‌ಗಳನ್ನ ಹೊತ್ತಿಗೆ ಮುಂಚೆ ಓದೋಕೆ ಬಿಡಲ್ಲ ಅದು. ನಮ್ಮನೇಲಿ ಅದನ್ನ ಮಾಡೋ ಜೀನೇ ಕೆಟ್ಟಿದೆ. ತಡೆಯೋರಿಲ್ದೆ ಕೋಶ ಬೆಳೀತಾನೇ ಹೋಗ್ತದೆ... ಅಣ್ಣ ರಾಜು ನಾಲ್ಕು ವರ್ಷಕ್ಕೇ ಹೋದ. ಫೋಟೋದಲ್ಲಿ ಅವನ ಕಣ್ಣು ಬೆಳ್ಳಗೆ ಹೊಳೀತಿತ್ತು. ಚಂದ ಇದೆ ಅಂತ ಅಮ್ಮ ಫ್ರೇಮ್ ಹಾಕ್ಸಿದ್ಲು! ಅದು ಕ್ಯಾನ್ಸರ್ ಗೆಡ್ಡೆ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನ ಕಣ್ಣು ಬೇಗ ತೆಗೆದ್ರು, ಉಳಿದೆ."

"ನಮಗೆ ಮಗುವಾದ್ರೆ?"

"ಅದಕ್ಕೂ ಬರೋ ಸಾಧ್ಯತೆ ಅರ್ಧಕ್ಕರ್ಧ. ನಾನು ಹೆರಲ್ಲ."



ಅವಳು ಜಾತಕದ ಹಿಂದೆ ಜೀನ್ ರಿಪೋರ್ಟನ್ನೂ ಇಟ್ಟು, ಕವರಿಗೆ ಅರಿಶಿನ ಕುಂಕುಮ ಹಚ್ಚಿ, ಸಂಬಂಧ ಕುದುರಿಸುವ ಗಣೇಶಮೂರ್ತಿಯವರ ಕೈಲಿ ದೀಪಕ್‌ಗೆ ಕಳಿಸಿದಳು. ಎಂಟೇ ದಿನಕ್ಕೆ ಕವರ್ ವಾಪಸ್ಸಾಯಿತು.

ನಮ್ಮ ಕಡೆ ಜಾತಕ ಮರಳಿ ಬಂದರೆ ಅರ್ಥ ಒಂದೇ. ಅದನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ಯಶೋಧಾ ಕವರನ್ನು ಟ್ರಂಕಿಗೆ ಎಸೆದು, ಅವನ ನಂಬರ್ ಬ್ಲಾಕ್ ಮಾಡಿ, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ದೀಪಕ್ ಸಾಗರಕ್ಕೆ ವರ್ಗ ಮಾಡಿಸಿಕೊಂಡು ಹೋದ.

ಎರಡು ತಿಂಗಳ ಮೇಲೆ ವರ್ಷದ ಚೆಕಪ್‌ಗೆ ರಿಪೋರ್ಟು ಬೇಕಾಗಿ ಕವರ್ ಬಿಚ್ಚಿದಳು. ಜಾತಕ ಇತ್ತು. ರಿಪೋರ್ಟು ಇರಲಿಲ್ಲ! ಅದರ ಜಾಗದಲ್ಲಿ ಒಂದು ಚೀಟಿ.

'ಯಶೂ, ಜಾತಕ ನನಗೆ ಬೇಡ. ರಿಪೋರ್ಟು ಡಾಕ್ಟರಿಗೆ ತೋರಿಸಬೇಕು, ಇಟ್ಟುಕೊಂಡಿದ್ದೀನಿ. ಬರುವ ಸೋಮವಾರ ಇಕ್ಕೇರಿ ದೇವಸ್ಥಾನದ ಹತ್ತಿರ ಕಾಯ್ತೀನಿ. ನೀನು ಬರದಿದ್ದರೆ, ಬೇಡ ಅಂದೆ ಅಂತ ತಿಳ್ಕೊಳ್ತೀನಿ.'

ದೇವರೇ... ಏನು ಮಾಡಿಬಿಟ್ಟೆ ನಾನು!

ಸಿಕ್ಕ ಬಸ್ಸು ಹತ್ತಿ ಸಾಗರದ ಸರ್ವೆ ಆಫೀಸಿಗೆ ಓಡಿದಳು. ಕೌಂಟರಿನ ಹಿಂದೆ ದೀಪಕ್ ಇದ್ದ, ಸೊರಗಿದ್ದ. ಅವಳು ಚೀಟಿ ಚಾಚಿದಳು.

"ಚೆಕಪ್‌ಗೆ ರಿಪೋರ್ಟು ಹುಡುಕ್ತಾ ಇವತ್ತು ಓದಿದೆ..."

"ಆ ಸೋಮವಾರ ದೇವಸ್ಥಾನದ ಬಾಗಿಲು ಹಾಕೋತನಕ ಕಾದೆ ಯಶೂ."

ಅವನು ಜೇಬಿನಿಂದ ರಿಪೋರ್ಟು ತೆಗೆದ. ಮಡಿಕೆಗಳು ಹರಿದಿದ್ದವು.

"ಈ ಜೀನ್ ಇರೋರಿಗೆ ಮುಂದೆ ಬೇರೆ ಕಡೆನೂ ಕ್ಯಾನ್ಸರ್ ಬರಬಹುದಂತೆ. ಅದನ್ನ ನೀನು ಹೇಳಿರಲಿಲ್ಲ."

"ಹೇಳಿದ್ರೆ ಓಡಿಹೋಗ್ತಿದ್ರಿ."

"ಓಡಿದ್ನಾ?"

ಅವಳು ತಲೆ ತಗ್ಗಿಸಿದಳು. "ಮಕ್ಕಳಿಲ್ಲ ಅಂದ್ರೆ ನಿಮ್ಮಮ್ಮ..."

"ಕೃಷ್ಣನ್ನ ಯಶೋದೆ ಹೆತ್ತಿದ್ಲಾ? ಅಮ್ಮಂಗೂ ಅದನ್ನೇ ಕೇಳ್ದೆ. ಇನ್ನೂ ನನ್ಹತ್ರ ಮಾತಾಡ್ತಿಲ್ಲ."

"ನಾಳೆ ನಂಗೇ ಮತ್ತೆ ಬಂದ್ರೆ?"

ಅವನು ರಿಪೋರ್ಟನ್ನು ಮತ್ತೆ ಮಡಚಿ ಜೇಬಿಗಿಟ್ಟ. "ಹೆದರ್ಕೆ ಆಗ್ತದೆ. ಸುಳ್ಳು ಹೇಳಲ್ಲ."

ಕೌಂಟರ್ ಬಳಸಿ ಬಂದು ಅವಳ ಎಡಕ್ಕೆ ನಿಂತ. ಕಾಣದ ಕಡೆಯಿಂದ ಒಂದು ಕೈ ಅವಳ ಕೈ ಹಿಡಿಯಿತು.

"ಬಲಕ್ಕೆ ಬನ್ನಿ... ಮುಖ ಕಾಣಲ್ಲ."

"ಈ ಕಡೆ ಇನ್ಮೇಲೆ ನಾನು ನೋಡ್ಕೊಳ್ತೀನಿ. ಚೆಕಪ್‌ಗೆ ಎಷ್ಟೊತ್ತಿಗೆ ಬಸ್ಸು?"

"ನಾಡಿದ್ದು ಆರೂವರೆಗೆ..."

"ನಂಗೂ ಒಂದು ಸೀಟು ಹಿಡಿ."