ಮೊಳಿಬೇವಿನ ಬುಡದ ಹಜೇರಿ

“ಮೊಳಿಬೇವಿನ ಬುಡಕ ಹೋದ್ರ ಯಾರೂ ಯಾರ ಹೆಸರೂ ಹಿಡದು ಕರೀಬ್ಯಾಡ್ರಿ,” ಎಂದಳು ಹಾಲವ್ವ, ರೊಟ್ಟಿಯ ಬುತ್ತಿಗೆ ಗಂಟು ಬಿಗಿಯುತ್ತ. “ಅಕ್ಕಾ ಅನ್ರಿ, ಅಣ್ಣಾ ಅನ್ರಿ, ಬೇಕಾದ್ರ ಸೀಟಿ ಹೊಡೀರಿ. ಹೆಸರು ಮಾತ್ರ ಹಲ್ಲಿನ ಒಳಗ ಇರ್ಲಿ.”

ಹೊರಗೆ ಉತ್ತರಿ ಮಳೆ ಹಿಡಿದಿತ್ತು. ವರ್ಷವೆಲ್ಲ ಮೋಡದ ಬೆನ್ನನ್ನಷ್ಟೇ ನೋಡುವ ಬೆಳುಂಕಿ ಹಳ್ಳಿಗೆ ಮಳೆ ಬಂದರೆ ಬೀಗರು ಬಂದಂತೆ. ಗುಡ್ಡದ ಕಾಡು ಹಸಿರಾಗಿದೆ, ನೋಡಿ ಬರೋಣವೆಂದು ಬಾಲಗಾಂವ ಸಾಲೆಯ ಹಳೆಯ ಗೆಳೆಯರು ನಂದಾಳ ಮನೆಯಲ್ಲಿ ಕೂಡಿದ್ದರು. ಜತ್ತದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಮಹಾಂತ, ಬಸ್ಸಿನ ಕಂಡಕ್ಟರ್ ತಾನಾಜಿ, ಈ ಮನೆಗೆ ಸೊಸೆಯಾಗಿ ಬಂದ ನಂದಾ, ಮತ್ತು ಮಿರಜದ ಕನ್ನಡ ಸಾಲೆಯಲ್ಲಿ ಕಲಿಸುವ ಉಮಾಶ್ರೀ. ಈ ಗುಡ್ಡಕ್ಕೆ ಉಮಾಶ್ರೀ ಒಬ್ಬಳೇ ಹೊಸಬಳು.

ನಂದಾಳ ಅತ್ತೆ ಹಾಲವ್ವ ಬುತ್ತಿ ಕೊಡದೆ ಕತೆಯನ್ನೇ ಮೊದಲು ಕೊಟ್ಟಳು. ಹಿಂದೆ ವಳಸಂಗದ ಒಂದು ಮನೆಯಲ್ಲಿ ಇಬ್ಬರು ನೆಗೆಣ್ಣಿಯರಿದ್ದರಂತೆ. ಕಿರಿಯವಳು ಬೀಸುವ ಪದ ಹೇಳಿದರೆ ದಾರಿಯ ಬಂಡಿ ನಿಲ್ಲುತ್ತಿತ್ತು. ಹಿರಿಯವಳಿಗೆ ಅದನ್ನು ಸಹಿಸಲಾಗಲಿಲ್ಲ. ಅವಳು ಮಾಡಿಸಿದ್ದು ಕೊಲ್ಲುವ ಮಾಟವಲ್ಲ. ಆ ಕೊರಳನ್ನು ಕಿತ್ತು ತನ್ನ ಕೊರಳಿಗೆ ಹಚ್ಚುವ ಮಾಟ. ಕಿರಿಯವಳು ಮೂಕಳಾಗಿಯೇ ಮಣ್ಣಾದಳು. ಆಮೇಲೆ ಮಾಟ ಬಿಡಿಸುವ ದೇವರಿಸಿಯೊಬ್ಬ ಬಂದು ಆ ಮಾಟವನ್ನು ಮನೆಯಿಂದ ಹೊರಡಿಸಿ ಗುಡ್ಡದ ಬೇವಿಗೆ ಕಬ್ಬಿಣದ ಮೊಳೆ ಹೊಡೆದು ಕಟ್ಟಿದ.

“ಹೆಸರು ಕೇಳಿದ್ರ ಅದರ ನಿದ್ದಿ ಹರೀತೈತಿ. ಆಮ್ಯಾಲ ಅದೂ ಒಬ್ಬರನ್ನ ಕರೀತೈತಿ. ಓ ಅಂದವರು ತಮ್ಮಲ್ಲಿ ಇದ್ದ ಚಲೋದನ್ನ ಅಲ್ಲಿ ಬಿಟ್ಟು ಬರಬೇಕು. ಮೂರು ಸಲ ಕರದ್ರೂ ಓ ಅನ್ನಲಿಲ್ಲಂದ್ರ, ಕರಸಿಕೊಂಡವರೇ ಅಲ್ಲಿ ಉಳೀತಾರ.”

ಹಂಗ ಬಿಟ್ಟ ಚಲೋದು ಯಾರ ಪಾಲಿಗೆ ಹೋಗತೈತಿ ಎಂದು ಮಹಾಂತ ಚೇಷ್ಟೆಗೆ ಕೇಳಿದ.

“ಯಾರ ಹೊಟ್ಯಾಗ ಅದರ ಹಸಿವು ಐತಿ, ಅವರ ಪಾಲಿಗೆ,” ಎಂದಳು ಹಾಲವ್ವ. ಅವಳ ಕಣ್ಣು ಬುತ್ತಿಯ ಗಂಟಿನ ಮೇಲಿತ್ತು. ಆದರೂ ಉಮಾಶ್ರೀಗೆ ಯಾರೋ ತನ್ನ ಸೆರಗು ಎಳೆದಂತಾಯಿತು.

“ಅತ್ತಿ, ಆ ಗಿಡಾನ ನಮ್ಮ ಸಾಲಿಗೆ ಕಳಸ್ರಿ. ಹಜೇರಿ ಅದೇ ತಗೋತೈತಿ, ನಮಗ ಪುರಸೊತ್ತು,” ಎಂದಳು ಉಮಾಶ್ರೀ. ಎಲ್ಲರೂ ನಕ್ಕರು. ಅವಳ ದನಿ ಒಣ ಬೀಸುಕಲ್ಲು ತಿರುಗಿದಂತೆ ಗರಗರ ಎಂದಿತು. ನಗು ಬೇಗ ನಿಂತಿತು.

ಗಂಟಲ ಗಂಟಿನ ಆಪರೇಶನ್ ಆದಮೇಲೆ ಉಳಿದ ದನಿ ಅದು. ಒಂದು ಕಾಲಕ್ಕೆ ಬಾಲಗಾಂವ ಸಾಲೆಯ ಪ್ರಾರ್ಥನೆ ಎಂದರೆ ಉಮಾಶ್ರೀ. ತಾಲೂಕಿನ ಹಾಡಿನ ಸ್ಪರ್ಧೆ ಎಂದರೆ ಉಮಾಶ್ರೀ. ನಂದಾ ಆಗ ಹಿಂದೆ ನಿಂತು ತಾಳ ಹಾಕುವ ಹುಡುಗಿ. ಉಮಾಶ್ರೀ ಹಾಡು ಕಲಿಯಲು ತರಗತಿ ತಪ್ಪಿಸಿದ ದಿನ ಹಜೇರಿಯಲ್ಲಿ ಅವಳ ಹೆಸರಿಗೆ “ಹಾಜರ” ಎಂದು ಹಿಂದಿನ ಬಾಕಿನಿಂದ ಹೇಳುತ್ತಿದ್ದವಳು ನಂದಾ. ಅದೂ ಉಮಾಶ್ರೀಯದೇ ದನಿ ತೆಗೆದು. ಗುರುಗಳು ಒಮ್ಮೊಮ್ಮೆ ಕನ್ನಡಕ ಏರಿಸಿ, ಸಂಶಯ ಬಂದು, ಅದೇ ಹೆಸರನ್ನು ಮತ್ತೆ ಮೊದಲಿನಿಂದ ಕರೆಯುತ್ತಿದ್ದರು. ಆಗ ನಂದಾ ನೆಲ ನೋಡುತ್ತಿದ್ದಳು.

ಈಗ ನಂದಾ ಹಾಡುತ್ತಾಳೆ. ಸೋಮವಾರದ ಭಜನೆಗೆ ಸುತ್ತಲಿನ ಹಳ್ಳಿಯವರು ಬಂದು ಕಟ್ಟೆ ತುಂಬುತ್ತಾರೆ, ಮೊಬೈಲಿನಲ್ಲಿ ಹಿಡಿದು ಒಯ್ಯುತ್ತಾರೆ. ಮಿರಜದ ಹಾಲಿನ ಅಂಗಡಿಯಲ್ಲಿ ಒಂದು ದಿನ ಆ ಪದ ಕೇಳಿ ಉಮಾಶ್ರೀ ಚೀಲ ಹಿಡಿದು ನಿಂತೇಬಿಟ್ಟಿದ್ದಳು:

ಹಚ್ಚಿದ ದೀಪಕ ಹೊರಗಿನ ಗಾಳಿ ಯಾಕ ಬೇಕವ್ವ,
ಒಳಗಿನ ಉಸುರೇ ಸಾಕು ಆರಸಾಕ.

ಅದು ನಂದಾಳ ದನಿ ಎಂದು ಅವಳ ಕಿವಿ ಹೇಳಿತು. ಅದು ನಿನ್ನದು ಎಂದು ಹೊಟ್ಟೆ ಹೇಳಿತು. ಅಂದಿನಿಂದ ಆ ಹೊಟ್ಟೆ ತಣ್ಣಗಾಗಿರಲಿಲ್ಲ. ಇಂದು ಬೆಳಿಗ್ಗೆ ನಂದಾ ತನ್ನ ಮಗಳು ಸ್ವಪ್ನಾಲಿಗೆ ಹೆರಳು ಹಾಕುತ್ತ ಅದೇ ಪದ ಗುನುಗಿದಾಗ, ಆ ಪುಟ್ಟ ಹುಡುಗಿ ತಾಯಿಯ ಗಂಟಲ ಮೇಲೆ ಕೈ ಇಟ್ಟು ಕೇಳುತ್ತ ಕುಳಿತಾಗ, ಉಮಾಶ್ರೀ ಚಹಾದ ಬಸಿ ಬಿಟ್ಟು ಎದ್ದು ಅಂಗಳಕ್ಕೆ ಹೋಗಿದ್ದಳು.

ಗುಡ್ಡ ಏರುವಾಗ ಎರೆಮಣ್ಣು ಚಪ್ಪಲಿಗೆ ಅಂಟಿ ಕಾಲಿಗೊಂದು ಕಲ್ಲು ಕಟ್ಟಿದಂತಾಯಿತು. ಕೆಳಗೆ ಯಾರದೋ ಕುರಿಹಿಂಡು ನೆನೆದ ಉಣ್ಣೆಯ ಕಮಟು ವಾಸನೆ ಬಿಟ್ಟು ಮುಂದೆ ಸಾಗಿತ್ತು. ತಂಗಡಿಯ ಹಳದಿ ಹೂವು ನೀರು ಕುಡಿದು ತಲೆ ಬಾಗಿಸಿತ್ತು. ತಾನಾಜಿ ಕಂಡಕ್ಟರನ ಲಹರಿಯಲ್ಲಿ, ಪುಢೇ ಚಲಾ, ಮುಂದ ಸರೀರಿ ಎಂದು ಎಲ್ಲರನ್ನೂ ದಬ್ಬುತ್ತಿದ್ದ. ಮಹಾಂತ ಏದುಸಿರು ಬಿಡುತ್ತ ನಂದಾಳಿಗೆ ಒಂದು ಪದ ಹೇಳೆಂದು ದುಂಬಾಲು ಬಿದ್ದ. ಉಮಾಶ್ರೀ ಎದುರು ಹಾಡಲು ನಂದಾ ಹಿಂದೆಗೆದಳು. ಆ ಹಿಂಜರಿಕೆ ಹಾಡಿಗಿಂತ ಹೆಚ್ಚು ಚುಚ್ಚಿತು. ಇವಳು ನನ್ನ ಮೇಲೆ ಕನಿಕರ ಪಡುವಷ್ಟು ದೊಡ್ಡವಳಾದಳೇ?

ನಡುಗುಡ್ಡದಲ್ಲಿ ಬೆಳಕು ಒಮ್ಮೆಲೇ ಕುಂದಿತು. ಮಧ್ಯಾಹ್ನವೇ ಮೋಡ ಇಳಿದು ಮರಗಳ ನಡುವೆ ಕಂಬಳಿಯಂತೆ ನೇತಾಡಿತು. ಅದರೊಳಗಿಂದ ಮೊಳಿಬೇವು ಎದ್ದು ಬಂತು. ಬೊಡ್ಡೆಯ ತುಂಬ ಮೊಳೆ. ಹಳೆಯವು ತುಕ್ಕು ತಿಂದು ತೊಗಟೆಯೊಳಗೆ ಮುಳುಗಿದ್ದವು, ಹೊಸವಕ್ಕೆ ಕಪ್ಪು ಬಟ್ಟೆಯ ಚಿಂದಿ, ಸುಕ್ಕಿದ ನಿಂಬೆಹಣ್ಣು. ಮಳೆ ಎಲ್ಲ ಕಡೆ ಸುರಿಯುತ್ತಿತ್ತು, ಮರದ ಕೆಳಗೆ ಮಾತ್ರ ಹನಿಯ ಸದ್ದಿಲ್ಲ. ಆರಿದ ಎಣ್ಣೆದೀಪದ ಕಮರು ವಾಸನೆ. ಸುಟ್ಟ ಕೂದಲಿನ ವಾಸನೆ.

ನಂದಾ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಲಗೂನ ದಾಟೋಣ ಎಂಬಂತೆ ಕೈ ಮಾಡಿದಳು.

ಉಮಾಶ್ರೀ ನಿಂತಳು. ಮಾಟ-ಮಂತ್ರದಲ್ಲಿ ಅವಳಿಗೆ ನಂಬಿಕೆ ಇರಲಿಲ್ಲ. ಆಸೆ ಇತ್ತು. ಇದ್ದರೆ ಇರಲಿ, ಕರೆದರೆ ಕರೆಯಲಿ, ಅವಳನ್ನೇ ಕರೆಯಲಿ ಎಂಬ ಮಾತು ಹಸಿವಿನಂತೆ ಎದ್ದಿತು. ಬಾಯಿ ಮಾತ್ರ ನಗುತ್ತಿತ್ತು. ಹಳೆಯ ಗುರುಗಳ ಹಾಗೆ ಕನ್ನಡಕ ಏರಿಸುವ ನಟನೆ ಮಾಡಿ, ಎಡಗೈಯನ್ನು ಪುಸ್ತಕದಂತೆ ಹಿಡಿದಳು.

“ಸುಮ್ಮ ನಿಂದರ್ರಿ. ಹಜೇರಿ ಆಗಲಿ. ತಾನಾಜಿ.”

ತಾನಾಜಿ ಬೆಪ್ಪಾಗಿ ನೋಡಿದ. ಆಮೇಲೆ ಸಾಲೆಯ ರೂಢಿ ಅವನ ನಾಲಿಗೆ ಎಳೆಯಿತು. “ಹಾಜರ.”

“ಮಹಾಂತ.”

“ಹಾಜರ್ರೀ ಗುರುಗಳ,” ಎಂದು ಮಹಾಂತ ಕೈ ಎತ್ತಿ ನಕ್ಕ. ಆ ನಗು ಮರದ ಆಚೆ ದಾಟಲಿಲ್ಲ.

“ಬ್ಯಾಡ ಅಕ್ಕಾ,” ಎಂದಳು ನಂದಾ.

ಆ ಹೆಸರನ್ನು ಉಮಾಶ್ರೀ ಕೊನೆಗೆ ಉಳಿಸಿಕೊಂಡಿದ್ದಳು, ಸಿಹಿ ಉಳಿಸಿಕೊಂಡಂತೆ. ಬೊಡ್ಡೆಯ ಕಡೆ ಮುಖ ಮಾಡಿ, ಬಿಡಿಸಿ ಬಿಡಿಸಿ ಕರೆದಳು. “ನಂದಾ.”

ನಂದಾ ಓ ಎನ್ನಲಿಲ್ಲ. ಯಾರೂ ಎನ್ನಲಿಲ್ಲ. ಬೇವಿನ ಎಲೆ ಒಂದೂ ಅಲುಗಲಿಲ್ಲ. ಏನೂ ಆಗದ್ದಕ್ಕೆ ಸಮಾಧಾನವಾಗಬೇಕಿತ್ತು. ಉಮಾಶ್ರೀಗೆ ಆದದ್ದು ನಿರಾಸೆ. ಅದನ್ನು ಅವಳು ತನ್ನೊಳಗೆ ಸ್ಪಷ್ಟವಾಗಿ ಕಂಡಳು, ಕಂಡು ಬೆದರಿದಳು.

“ಕರದಾಕೀದೇ ಹೆಸರು ಉಳೀತಲ್ಲ,” ಎಂದು ಮಹಾಂತ ಮೆಲ್ಲಗೆ ನಕ್ಕ.

ಆಗ ಮರ ಕರೆಯಿತು.

“ಉಮಾಶ್ರೀ.”

ಅದು ಎಳೆಯ ದನಿ. ಶುದ್ಧ ದನಿ. ಕಂಚಿನ ಬಟ್ಟಲಿಗೆ ನೀರು ಬಿದ್ದಂಥದು. ಅವಳದೇ. ಪ್ರಾರ್ಥನೆಯ ಸಾಲಿನ ಮುಂದೆ ನಿಂತು ಹಾಡಿದ ಹುಡುಗಿಯದು. ಮಹಾಂತನ ಕೈಯಿಂದ ಬುತ್ತಿ ಜಾರಿತು. ಓ ಎನ್ನಬೇಕೆಂದು ಅವಳು ಬಾಯಿ ತೆರೆದಳು. ಗಂಟಲು ತೆರೆಯಲಿಲ್ಲ. ಒಳಗೆ ಯಾರೋ ಮೊಳೆ ಹೊಡೆದಿದ್ದರು.

“ಉಮಾಶ್ರೀ.”

ಕಾಲು ತಾನೇ ಮುಂದೆ ಹೋಯಿತು. ಇನ್ನೊಂದು ಕಾಲು. ತಾನಾಜಿ ರಟ್ಟೆ ಹಿಡಿದ. ಹಿಡಿತ ಜಾರಿತು. ತೊಗಟೆ ಹತ್ತಿರ ಬಂತು. ಬೆಚ್ಚಗಿತ್ತು. ಉಸಿರಾಡುತ್ತಿತ್ತು. ಮೊಳೆಗಳು ಒಂದೊಂದಾಗಿ ಕಿರ್ರೆಂದು ಹೊರಳಿದವು. ಅವಳ ಹಣೆಗೆ ಜಾಗ ಬಿಡುತ್ತಿದ್ದವು. ಕೂದಲು ತುಕ್ಕಿಗೆ ಸಿಕ್ಕಿತು. ಬಾಯಿಗೆ ಬೇವಿನ ಕಹಿ. ಕಣ್ಣಿಗೆ ಕತ್ತಲು. ಮೂರನೆಯ ಕರೆ ಮರದೊಳಗೆ ಉಸಿರು ಎಳೆದುಕೊಂಡಿತು.

“ಉಮಾಶ್ರೀ.”

“ಹಾಜರ.”

ಹಿಂದಿನಿಂದ ಬಂತು ಆ ಮಾತು. ಉಮಾಶ್ರೀಯ ಹಳೆಯ ದನಿಯಲ್ಲಿ, ಸಾಲೆಯ ಹಿಂದಿನ ಬಾಕಿನಿಂದ ಬಂದಂತೆ, ನೆಲ ನೋಡುತ್ತ ಹೇಳಿದ ಮಾತು.

ಮರ ಅವಳನ್ನು ಬಿಟ್ಟಿತು. ನಿಂತಿದ್ದ ಮಳೆಯೆಲ್ಲ ಒಮ್ಮೆಲೇ ಬೇವಿನ ಕೆಳಗೆ ಸುರಿಯಿತು. ಅವಳು ಕೆಸರಿನಲ್ಲಿ ಬಿದ್ದು, ಹೊರಳಿ, ಕೂಗಿದಳು. “ನಂದಾ!”

ಕೂಗು ಗುಡ್ಡದ ಉದ್ದಕ್ಕೂ ತುಂಬಿ ಹರಿಯಿತು. ಗರಗರ ಇರಲಿಲ್ಲ. ತುಂಬು ದನಿ, ಸೋಮವಾರದ ಕಟ್ಟೆಯ ದನಿ. ಮಹಾಂತ ಮತ್ತು ತಾನಾಜಿ ನಂದಾಳ ಕಡೆ ತಿರುಗಿದರು, ಕೂಗಿದವಳು ಅವಳೇ ಎಂದು. ನಂದಾ ಗಂಟಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಹೊರಗೆ ಬರುತ್ತಿದ್ದದ್ದು ಒಣಹಾಕಿದ ಬಟ್ಟೆಗೆ ಗಾಳಿ ಬಡಿದಷ್ಟು ಸದ್ದು.

ಸಾಂಗಲಿಯ ಡಾಕ್ಟರರು ನಂದಾಳ ಗಂಟಲಿನಲ್ಲಿ ನಳಿಕೆ ಇಳಿಸಿ ನೋಡಿ, ಎಲ್ಲ ಸರಿಯಿದೆ ಎಂದರು. ಸೋಮವಾರದ ಕಟ್ಟೆಗೆ ಜನ ಬಂದು, ಸುಮ್ಮನೆ ಕುಳಿತು, ಎದ್ದು ಹೋದರು. ಉಮಾಶ್ರೀ ಕ್ಷಮೆ ಕೇಳಲು ಬೆಳುಂಕಿಗೆ ಹೋದಳು. ಹೊಸ್ತಿಲಲ್ಲಿ ನಿಂತು, “ಒಳಗ ಬರಲ್ಯಾ?” ಎಂದಳು. ಅಷ್ಟೇ ಅಂದದ್ದು.

“ಅವ್ವಾ,” ಎನ್ನುತ್ತ ಒಳಗಿನಿಂದ ಸ್ವಪ್ನಾಲಿ ಓಡಿಬಂದಳು. ಬಂದು ಉಮಾಶ್ರೀಯ ಕಾಲು ತಬ್ಬಿದಳು. ಮುಖ ಎತ್ತಿ ನೋಡಿ ಕೈ ಬಿಟ್ಟಳು. ನಡುಮನೆಯ ಕಂಬಕ್ಕೆ ಒರಗಿ ಕುಳಿತಿದ್ದ ನಂದಾ ಅದನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಹಾಲಿನ ಅಂಗಡಿಯಲ್ಲಿ ಚೀಲ ಹಿಡಿದು ನಿಂತವಳ ಕಣ್ಣಿನಲ್ಲಿ ಏನಿತ್ತೋ ಅದು ಇತ್ತು.

“ಈ ಮನ್ಯಾಗ ಇನ್ನ ಬಾಯಿ ತಗೀಬ್ಯಾಡ ತಾಯಿ,” ಎಂದಳು ಹಾಲವ್ವ. “ಅಲ್ಲಿ ಓ ಅಂದಾಕಿ ಹೆಸರಿನಾಕಿ ಅಲ್ಲ ಅನ್ನೂದು ಅದಕ್ಕ ಗೊತ್ತಾಗೂದ್ರೊಳಗ ಊರು ಸೇರು.”

ಮಿರಜದಲ್ಲಿ ಸಾಲೆ ಎಂದಿನಂತೆ ತೆರೆಯಿತು. ಹೊಸ ದನಿ ಕೇಳಿ ಎಲ್ಲರೂ ಬೆರಗಾದರು, ಪ್ರಾರ್ಥನೆ ನೀವೇ ಹೇಳಿಕೊಡಿ ಎಂದರು. ಅವಳು ಒಂದು ಸಲವೂ ಹಾಡಲಿಲ್ಲ. ಉಸಿರು ಆ ಪದದ ಕಡೆ ಹೊರಳಿದರೆ ತುಟಿ ಕಚ್ಚಿಕೊಳ್ಳುತ್ತಿದ್ದಳು. ಹಜೇರಿ ಮಾತ್ರ ತಪ್ಪುವಂತಿರಲಿಲ್ಲ. ಮಳೆ ಹನಿಯುತ್ತಿದ್ದ ಒಂದು ಮುಂಜಾನೆ ಮಕ್ಕಳ ಹೆಸರನ್ನೆಲ್ಲ ಕರೆದು ಮುಗಿಸಿ ಪುಸ್ತಕ ಮುಚ್ಚಿದಳು. ಬಾಯಿ ಮುಚ್ಚಲಿಲ್ಲ.

“ಉಮಾಶ್ರೀ,” ಎಂದಿತು ಅವಳ ಗಂಟಲು, ನಂದಾಳ ದನಿಯಲ್ಲಿ, ಸಂಶಯ ಬಂದ ಗುರುಗಳಂತೆ ಮತ್ತೆ ಮೊದಲಿನಿಂದ.

ಮಕ್ಕಳು ನಕ್ಕರು. ಕೋಣೆಗೆ ಆರಿದ ದೀಪದ ಕಮರು ತುಂಬಿತು.

“ಉಮಾಶ್ರೀ.”

ಅವಳು ಎರಡೂ ಕೈಯಿಂದ ಬಾಯಿ ಒತ್ತಿಕೊಂಡು ಹಿಂದಿನ ಬಾಕಿನ ಕಡೆ ನೋಡಿದಳು. ಅಲ್ಲಿ ಯಾರೂ ಕುಳಿತಿರಲಿಲ್ಲ.