ಎಂಜಲು ಗಾಳಿ

ನನ್ನ ಹೆಂಡತಿಯ ಅಣ್ಣ ಗಾಡಿಗಳಿಗೆ ಬಣ್ಣ ಹೊಡೆಯುತ್ತಿದ್ದ. ಬಣ್ಣ ಚಿಮ್ಮಿಸುವ ಗಾಳಿಯ ಪೈಪು ಕಟ್ಟಿಕೊಂಡರೆ ಅದರ ತುದಿಯನ್ನು ಬಾಯಿಗಿಟ್ಟು ಊದುವ ಹೊಲಸು ಚಾಳಿ ಅವನದು. ಅವನು ಸತ್ತ ಮೇಲೆ ಅವನ ಏರ್ ಕಂಪ್ರೆಸರ್ ನಮ್ಮ ಮನೆಗೆ ಬಂತು.

ಮೊನ್ನೆ ಮಧ್ಯಾಹ್ನ ಅದರ ಸುಟ್ಟ ವೈರುಗಳನ್ನೆಲ್ಲ ಕಿತ್ತೆಸೆದೆ. ಹೊಸದನ್ನು ಹಾಕುವ ಮೊದಲು ಗಾಳಿ ತುಂಬುವ ಟ್ಯಾಂಕಿನ ತಳದಲ್ಲಿ ನಿಂತ ನೀರು ತೆಗೆಯೋಣವೆಂದು ಅಡಿಯ ತಿರುಪು ಸಡಿಲಿಸಿದೆ. ಬಂದದ್ದು ತುಕ್ಕುನೀರಲ್ಲ. ಉಗುರುಬೆಚ್ಚಗಿನ, ಕಫದಂಥ ಲೋಳೆ ನನ್ನ ಕೈಮೇಲೆ ಇಳಿಯಿತು. ಹಿಂದೆಯೇ ಹುಳುಕು ಹಲ್ಲಿನ ನಾತದ ಗಾಳಿ ಮುಖಕ್ಕೆ ಹೊಡೆಯಿತು.

ಹೆಂಡತಿ ಮೂಗು ಹಿಡಿದುಕೊಂಡಳು. "ಥೂ! ಇದು ನಮ್ಮಣ್ಣನ ಬಾಯಿ ವಾಸನೆ ಕಣ್ರೀ!"

"ಸತ್ತೋನ ಬಾಯಿ ಇಲ್ಲಿಗೆಲ್ಲಿಂದ ಬರುತ್ತೆ? ಸುಮ್ನಿರೇ," ಎಂದೆ. ಲೋಳೆಯ ಕೈಯನ್ನು ಲುಂಗಿಗೆ ಒರೆಸಿಕೊಂಡೆ.

ವೈರು ಇನ್ನೂ ಹಾಕಿಲ್ಲ. ಪೈಪನ್ನು ಸೋಪು ಹಚ್ಚಿ ತೊಳೆದು ಗೋಡೆಗೆ ನೇತುಹಾಕಿದ್ದೇನೆ. ಅದರ ತುದಿ ಮಾತ್ರ ಒರೆಸಿದಷ್ಟೂ ಎಂಜಲಾಗುತ್ತದೆ. ಬಿಸಿ ಎಂಜಲು.